ಉಕ್ಕಿನ ಮೇಲೆ ಗೀರಿದ ಚಿತ್ರ

ಕೇಳುಗರಿಗೆ ನಮಸ್ಕಾರ.

ಯುರೋಪಿನ ಕವಚಧಾರಿಯನ್ನು ರಾಟೆಯಿಂದ ಎತ್ತಿ ಕುದುರೆಯ ಮೇಲೆ ಕೂರಿಸುತ್ತಿದ್ದರು ಎಂದು ಸಿನಿಮಾದವರು ತೋರಿಸುತ್ತಾರೆ. ಅದು ಶುದ್ಧ ಕಟ್ಟುಕತೆ, ದಯವಿಟ್ಟು ನಂಬಬೇಡಿ. ಯುದ್ಧದ ಕವಚ 20ರಿಂದ 25 ಕಿಲೋ ತೂಗುತ್ತಿತ್ತು, ಆ ಭಾರ ಮೈಯೆಲ್ಲ ಹಂಚಿಹೋಗುತ್ತಿತ್ತು. ಈಟಿ ಪಂದ್ಯದ ಕವಚ ಮಾತ್ರ 40 ಕಿಲೋ ದಾಟುವುದೂ ಇತ್ತು. ಸವಾರರು ನಡುವಿನ ಅಡ್ಡಗೋಡೆಯನ್ನು ಎಡಕ್ಕಿಟ್ಟುಕೊಂಡು ಎದುರುಬದುರು ನುಗ್ಗುತ್ತಿದ್ದರು. ಆದ್ದರಿಂದ ಎಡಭುಜಕ್ಕೆ ಹೆಚ್ಚುವರಿ ತಗಡು.

ಈಗ ಅಲಂಕಾರಕ್ಕೆ ಬರೋಣ. ಒಂದೇ ಮಾತು ನೆನಪಿಡಿ: ಪೆಟ್ಟು ತಿನ್ನುವ ಕವಚದಲ್ಲಿ ಚಿತ್ರವನ್ನು ಗೀರಬೇಕು, ಉಬ್ಬಿಸಬಾರದು. ಉಬ್ಬಿದ ಕಡೆ ತಗಡು ತೆಳುವಾಗುತ್ತದೆ, ಆಯುಧದ ಮೊನೆ ಸಿಕ್ಕಿಕೊಳ್ಳುತ್ತದೆ. ಉಬ್ಬುಚಿತ್ರವೇನಿದ್ದರೂ ಮೆರವಣಿಗೆಗೆ.

ಗೀರಿದ ಚಿತ್ರಕ್ಕೆ ನನ್ನ ಮೆಚ್ಚಿನ ಉದಾಹರಣೆ ಲಂಡನ್ ಟವರಿನಲ್ಲಿದೆ. ಇಂಗ್ಲೆಂಡಿನ ಎಂಟನೆಯ ಹೆನ್ರಿ ಸುಮಾರು 1515ರಲ್ಲಿ ತನಗೂ ಕುದುರೆಗೂ ಜೋಡಿ ಕವಚ ಮಾಡಿಸಿದ. ಪಾಲ್ ವಾನ್ ವ್ರೆಲಾಂಟ್ ಎಂಬ ಫ್ಲಾಂಡರ್ಸ್‌ನ ಕುಶಲಕರ್ಮಿ ಅದರ ಮೇಲೆ ಸಂತ ಜಾರ್ಜ್ ಮತ್ತು ಸಂತ ಬಾರ್ಬರಾ ಇಬ್ಬರ ಕತೆಯನ್ನು ಕೆತ್ತಿದ. ಮೇಲೆ ಬೆಳ್ಳಿಯ ಲೇಪ. ಸೊಂಟದಿಂದ ಇಳಿಬಿಟ್ಟ ಉಕ್ಕಿನ ಲಂಗದ ಅಂಚನ್ನು ನೋಡಬೇಕು! ಅಲ್ಲಿ ಹೆನ್ರಿಯ ಹೆಸರಿನ ಮೊದಲ ಅಕ್ಷರವನ್ನೂ ರಾಣಿ ಕ್ಯಾಥರೀನಳ ಹೆಸರಿನ ಮೊದಲ ಅಕ್ಷರವನ್ನೂ ಪ್ರೇಮದ ಗಂಟು ಹಾಕಿ ಜೋಡಿಸಿದ್ದಾರೆ. 1533ರಲ್ಲಿ ಆ ಮದುವೆಯೇ ರದ್ದಾಯಿತು. ಅರಮನೆಯಿಂದ ಆಕೆಯನ್ನು ಹೊರಗಟ್ಟಿದ ರಾಜನ ಕವಚದಿಂದ ಆಕೆಯ ಅಕ್ಷರ ಮಾತ್ರ ಹೋಗಲಿಲ್ಲ! ಬೆಳ್ಳಿ ಬಹುಪಾಲು ಸವೆದಿದೆ, ಗೀರು ಹಾಗೆಯೇ ಇದೆ. ಜನ ಮಾತ್ರ ಹೆನ್ರಿಯ ಸೊಂಟದ ಸುತ್ತಳತೆಯನ್ನೇ ಲೆಕ್ಕಹಾಕುತ್ತಾ ಮುಂದೆ ಹೋಗುತ್ತಾರೆ.

ಉಳಿಯಿಲ್ಲದೆಯೂ ಗೀರಬಹುದಿತ್ತು. ಉಕ್ಕಿಗೆ ಮೇಣ ಬಳಿದು, ಸೂಜಿಯಿಂದ ಚಿತ್ರ ಬಿಡಿಸಿ, ಆಮ್ಲ ಹಾಕಿದರೆ ಬಯಲಾದ ಗೆರೆಯನ್ನಷ್ಟೇ ಅದು ತಿನ್ನುತ್ತದೆ. ಜರ್ಮನಿಯ ಆಗ್ಸ್‌ಬರ್ಗಿನ ಡೇನಿಯಲ್ ಹಾಪ್ಫರ್ ಇದನ್ನೇ ಕಬ್ಬಿಣದ ಫಲಕದ ಮೇಲೆ ಮಾಡಿ, ಶಾಯಿ ಹಚ್ಚಿ, ಕಾಗದದ ಮೇಲೆ ಒತ್ತಿದ. ಎಚ್ಚಿಂಗ್ ಮುದ್ರಣ ಹುಟ್ಟಿದ್ದು ಹೀಗೆ, ಕವಚದ ಕಾರ್ಖಾನೆಯಲ್ಲಿ.

ಕುದುರೆಯ ಬಗ್ಗೆ ಇನ್ನೂ ಹೇಳಬೇಕಿತ್ತು, ಸಮಯ ಮುಗಿಯುತ್ತಿದೆ. ಮುಖ, ಕತ್ತು, ಎದೆ, ಹಿಂಭಾಗ, ಎಲ್ಲಕ್ಕೂ ಬೇರೆಬೇರೆ ಕವಚ. ಕೆಲವು ಪಂದ್ಯಗಳಲ್ಲಿ ಮುಖಗವಚಕ್ಕೆ ಕಣ್ಣಿನ ತೂತೇ ಇರುತ್ತಿರಲಿಲ್ಲ. ಎದುರಿನ ಈಟಿಗೆ ಕುದುರೆ ಬೆದರಬಾರದಲ್ಲ. ಆ ಮುಚ್ಚಿದ ತಗಡಿನ ಮೇಲೂ ಗೀರಿದ ಚಿತ್ರ ಸಿಗುತ್ತದೆ, ಹುಡುಕಿ ನೋಡಿ.

ನಮಸ್ಕಾರ.