ಶುಕ್ರವಾರದ ಗೆಜೆಟ್ ಯಾರು ಓದುತ್ತಾರೆ?

ಎಲ್ಲರಿಗೂ ನಮಸ್ಕಾರ. ಲೈಬ್ರರಿ ಕೆಲಸದವರೂ ಇದ್ದೀರಿ, ಓದುತ್ತಿರುವವರೂ ಇದ್ದೀರಿ. ಡಿಜಿಟಲ್ ಲೈಬ್ರರಿ ಅಂದ ಕೂಡಲೇ ದೊಡ್ಡ ದೊಡ್ಡ ಮಾತು ಬರುತ್ತದೆ. ನಾನು ಒಂದು ಸಣ್ಣ ನೋಟಿಸಿನಿಂದ ಶುರು ಮಾಡುತ್ತೇನೆ.

ಕೀನ್ಯಾದಲ್ಲಿ ಪ್ರತಿ ಶುಕ್ರವಾರ ಸರ್ಕಾರದ ಗೆಜೆಟ್ ಬರುತ್ತದೆ. ನಮ್ಮ ರಾಜ್ಯಪತ್ರದ ಹಾಗೆ. ಅದರಲ್ಲಿ ಪುಟಗಟ್ಟಲೆ ಒಂದೇ ಥರದ ನೋಟಿಸು. ಇಂಥವರ ಹೆಸರಿನಲ್ಲಿ ಇಂಥ ನಂಬರಿನ ಜಮೀನಿದೆ, ಅದರ ಹಕ್ಕುಪತ್ರ ಕಳೆದುಹೋಗಿದೆ ಎಂದು ಪುರಾವೆ ಸಿಕ್ಕಿದೆ, 60 ದಿನದೊಳಗೆ ಯಾರೂ ತಕರಾರು ತೆಗೆಯದಿದ್ದರೆ ಹೊಸದು ಕೊಡುತ್ತೇನೆ. ಕೆಳಗೆ ಲ್ಯಾಂಡ್ ರಿಜಿಸ್ಟ್ರಾರ್ ಹೆಸರು. ಅಷ್ಟೇ.

ಈಗ ಹೀಗೆ ಅಂದುಕೊಳ್ಳಿ. ಹಕ್ಕುಪತ್ರ ಕಳೆದೇ ಇಲ್ಲ, ಊರಲ್ಲಿ ಅಜ್ಜಿಯ ಟ್ರಂಕಿನಲ್ಲಿ ಭದ್ರವಾಗಿದೆ. ಯಾರೋ ಸುಮ್ನೆ ಹೋಗಿ ಕಳೆದಿದೆ ಅಂತ ಬರೆದುಕೊಟ್ಟಿದ್ದಾರೆ. ಅಜ್ಜಿಗೆ ಗೊತ್ತಾಗಬೇಕಾದರೆ ಆ ಶುಕ್ರವಾರದ ಗೆಜೆಟ್ ಓದಿರಬೇಕು. ಯಾರು ಓದುತ್ತಾರೆ ಹೇಳಿ? ಆದರೆ ಕಾನೂನಿನ ಲೆಕ್ಕದಲ್ಲಿ ಸರ್ಕಾರ ಊರಿಗೆಲ್ಲ ಹೇಳಿಯಾಯಿತು.

ಈ ಗೆಜೆಟ್ಟು 1899ರಿಂದ ಬರುತ್ತಿದೆ. ಹಳೆಯ ಸಂಚಿಕೆಗಳನ್ನು ಗೂಗಲ್ ಸ್ಕ್ಯಾನ್ ಮಾಡಿದೆ. ಕಾಯ್ದೆ, ತೀರ್ಪು, ಗೆಜೆಟ್ ಎಲ್ಲವನ್ನೂ ಬಿಟ್ಟಿಯಾಗಿ ತೆರೆದಿಟ್ಟಿರುವುದು ನ್ಯಾಷನಲ್ ಕೌನ್ಸಿಲ್ ಫಾರ್ ಲಾ ರಿಪೋರ್ಟಿಂಗ್. 1994ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ. ಜನ ಚಿಕ್ಕದಾಗಿ ಕೀನ್ಯಾ ಲಾ ಅನ್ನುತ್ತಾರೆ. ಬಿಡುವಿದ್ದಾಗ 1910ರ ಆಸುಪಾಸಿನ ಸಂಚಿಕೆ ತೆಗೆದು ನೋಡಿ, ಲೆಕ್ಕ ಎಲ್ಲ ರೂಪಾಯಿಯಲ್ಲಿದೆ! ಆಗ ಅಲ್ಲಿ ನಡೆಯುತ್ತಿದ್ದದ್ದೇ ರೂಪಾಯಿ. ನಮ್ಮ ಇಂಡಿಯನ್ ಪೀನಲ್ ಕೋಡ್ ಕೂಡ 1930ರವರೆಗೆ ಅಲ್ಲಿತ್ತು.

ಸ್ಕ್ಯಾನ್ ಮಾಡಿ ಹಾಕಿದರೆ ಕೆಲಸ ಮುಗಿಯಿತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಸ್ಕ್ಯಾನ್ ಅಂದರೆ ಪುಟದ ಫೋಟೊ. ಫೋಟೊದೊಳಗೆ ಹೆಸರು ಹುಡುಕಲು ಆಗಲ್ಲ. ಅದನ್ನು ಅಕ್ಷರವಾಗಿಸಬೇಕು. ಮಸಿ ಹರಡಿದ ಹಳೇ ಪುಟದಲ್ಲಿ ಕಂಪ್ಯೂಟರ್ 3ನ್ನು 8 ಅಂತ ಓದಿತು ಅನ್ನಿ, ಜಮೀನೇ ಬೇರೆಯಾಯಿತು.

ಕಾಯ್ದೆಗಳ ಕಷ್ಟ ಇನ್ನೂ ಜಾಸ್ತಿ. ತಿದ್ದುಪಡಿ ಕಾಯ್ದೆ ಹೇಗಿರುತ್ತದೆ ಗೊತ್ತಲ್ವಾ? '12ನೇ ಕಲಮಿನಲ್ಲಿ ಇಂಥ ಪದ ತೆಗೆದು ಇಂಥದ್ದು ಸೇರಿಸತಕ್ಕದ್ದು.' ಇಷ್ಟನ್ನು ಓದಿ ಯಾರಿಗೆ ಏನು ತಿಳಿಯಬೇಕು? ಮೂಲ ಕಾಯ್ದೆಯನ್ನು ಪಕ್ಕದಲ್ಲಿಟ್ಟು, ಬಂದ ತಿದ್ದುಪಡಿಯನ್ನೆಲ್ಲ ಒಂದೊಂದಾಗಿ ಹೊಲಿದರೆ ಮಾತ್ರ ಇವತ್ತಿನ ಕಾನೂನು ಯಾವುದು ಅಂತ ಕಾಣುತ್ತದೆ. ನೈಜೀರಿಯಾದ ವಕೀಲರು ಎಷ್ಟೋ ವರ್ಷ 2004ರಲ್ಲಿ ಒಟ್ಟುಮಾಡಿದ ಸಂಪುಟಗಳನ್ನೇ ಉಲ್ಲೇಖಿಸುತ್ತಾ ಬಂದರು. ಅಲ್ಲಿ 2011ರಲ್ಲಿ ಮಾಹಿತಿ ಹಕ್ಕಿನ ಕಾಯ್ದೆ ಬಂತು. ಆ ಸಂಪುಟಗಳಲ್ಲಿ ಹುಡುಕಿದರೆ ಅದು ಸಿಗುವುದಾದರೂ ಹೇಗೆ?

ಈ ಹೊಲಿಗೆ ಕೆಲಸಕ್ಕೆ ಒಳ್ಳೆಯ ಸಾಧನ ಹುಟ್ಟಿದ್ದು ಆಫ್ರಿಕಾದ ಸಂಸತ್ತುಗಳಿಗಾಗಿ. ಹೆಸರು ಅಕೋಮ ನ್ಟೋಸೊ. ಘಾನಾ ಕಡೆಯ ಅಕಾನ್ ಜನರ ಮಾತು, 'ಬೆಸೆದ ಹೃದಯಗಳು' ಅಂತ ಅರ್ಥ. ಅವರು ಬಟ್ಟೆಯ ಮೇಲೆ ಅಚ್ಚು ಹಾಕುವ ಆದಿಂಕ್ರ ಗುರುತುಗಳಲ್ಲಿ ಇದೂ ಒಂದು. ವಿಶ್ವಸಂಸ್ಥೆಯ ಯೋಜನೆಯಲ್ಲಿ ಬೆಳೆಯಿತು, ಇಟಲಿಯ ಬೊಲೊನಾ ವಿಶ್ವವಿದ್ಯಾಲಯದವರ ಕೈಯೂ ಇದರಲ್ಲಿದೆ. ಕಾಯ್ದೆಯ ಪ್ರತಿ ಕಲಮಿಗೂ ಒಂದು ಚೀಟಿ ಅಂಟಿಸಿದಂತೆ ಅಂದುಕೊಳ್ಳಿ. ಯಾವ ಕಲಮು, ಎಂದು ಬಂತು, ಎಂದು ಬದಲಾಯಿತು. ಆಮೇಲೆ 'ಆ ಜಮೀನು ಕ್ರಯ ಆದ ದಿನ ಕಾನೂನು ಏನಿತ್ತು?' ಅಂತ ಕೇಳಿದರೆ ಅವತ್ತು ಇದ್ದ ಕಾಯ್ದೆಯ ಮಾತನ್ನೇ ಕೊಡಬಹುದು. 2018ರಲ್ಲಿ ಇದು ಅಂತರರಾಷ್ಟ್ರೀಯ ಮಾನದಂಡವಾಯಿತು. ಯುರೋಪಿನ ಸಂಸತ್ತೂ ಬಳಸುತ್ತದೆ. ತಂತ್ರಜ್ಞಾನ ಯಾವಾಗಲೂ ಅತ್ತಲಿಂದ ಇತ್ತ ಬರುತ್ತದೆ ಅನ್ನುವವರಿಗೆ ನಾನು ಇದನ್ನು ಹೇಳದೆ ಬಿಡುವುದಿಲ್ಲ.

ಸರ್ಕಾರದಿಂದ ಮಾಹಿತಿ ಕೇಳಿ ಪಡೆಯುವ ಹಕ್ಕೂ ಇದೆ. ಕೀನ್ಯಾದ 2016ರ ಕಾಯ್ದೆ ಪ್ರಕಾರ 21 ದಿನದಲ್ಲಿ ಉತ್ತರ ಕೊಡಬೇಕು, ನಮ್ಮಲ್ಲಿ 30. ಆದರೆ ಏನು ಕೇಳಬೇಕು ಅಂತ ಗೊತ್ತಿದ್ದವರಿಗೆ ತಾನೇ ಹಕ್ಕು? ಅಜ್ಜಿಗೆ ನೋಟಿಸು ಬಂದಿರುವುದೇ ಗೊತ್ತಿಲ್ಲ.

ಇಲ್ಲೇ ನಮ್ಮಂಥವರ ಕೆಲಸ ಇರುವುದು ಅಂತ ನನಗನ್ನಿಸುತ್ತದೆ. ಕೀನ್ಯಾದಲ್ಲಿ ಎಷ್ಟೋ ಜಮೀನುಗಳ ನಂಬರು ಊರಿನ ಹೆಸರಿನಿಂದಲೇ ಶುರುವಾಗುತ್ತದೆ. ಮೊದಲು ಕಿಸುಮು ಅಂತ ಜಿಲ್ಲೆಯ ಹೆಸರು, ಆಮೇಲೆ ಹಳ್ಳಿ, ಆಮೇಲೆ ಅಂಕಿ. ಊರಿನ ಲೈಬ್ರರಿಯವರು ಶುಕ್ರವಾರ ಸಂಜೆ ಗೆಜೆಟ್ ತೆರೆದು ತಮ್ಮ ಊರಿನ ಹೆಸರು ಹೊಡೆದರೆ ಆ ವಾರದ ಪಟ್ಟಿ ಸಿಗುತ್ತದೆ. ಅದನ್ನು ಪ್ರಿಂಟ್ ತೆಗೆದು ಬಾಗಿಲಿಗೆ ಅಂಟಿಸಬಹುದು, ಓದಲು ಬಾರದವರಿಗೆ ಓದಿ ಹೇಳಬಹುದು. ಕೀನ್ಯಾದ ಗಾರಿಸ್ಸಾ ಅನ್ನುವ ಕಡೆ 1996ರಿಂದ ಒಂಟೆಗಳ ಮೇಲೆ ಪುಸ್ತಕದ ಪೆಟ್ಟಿಗೆ ಹೇರಿಕೊಂಡು ಮರಳುಗಾಡಿನ ಶಾಲೆಗಳಿಗೆ ಹೋದ ಲೈಬ್ರರಿ ಅವರದು. ಆ ಪೆಟ್ಟಿಗೆಯಲ್ಲಿ ಇನ್ನೊಂದು ಹಾಳೆ ಭಾರವಾಗಲಿಕ್ಕಿಲ್ಲ.