ಬಾಗಿಲಿನಿಂದ ಹೊರಬಂದವರು

ಕೇಳುಗರೇ, ನಮಸ್ಕಾರ.

ಒಂದು ಕಾರ್ಖಾನೆ. ಬಾಗಿಲು ತೆರೆದುಕೊಳ್ಳುತ್ತದೆ. ಒಳಗಿಂದ ಜನ ಬರುತ್ತಾರೆ. ಹೆಂಗಸರೇ ಜಾಸ್ತಿ. ತಲೆಗೆ ಟೋಪಿ, ಉದ್ದನೆಯ ಲಂಗ. ಒಬ್ಬ ಸೈಕಲ್ ಏರಿ ಬರುತ್ತಾನೆ. ನಡುವೆ ಒಂದು ನಾಯಿ ಓಡಾಡುತ್ತದೆ. ನಿಮಿಷ ತುಂಬುವುದರೊಳಗೆ ಚಿತ್ರ ಮುಗಿದೇ ಹೋಗುತ್ತದೆ.

1895ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಲೂಮಿಯೇರ್ ಅಣ್ಣತಮ್ಮಂದಿರು ತಮ್ಮದೇ ಕಾರ್ಖಾನೆಯ ಎದುರು ತೆಗೆದ ಚಿತ್ರ ಇದು. ಆ ವರ್ಷ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ, ದುಡ್ಡು ಕೊಟ್ಟು ಬಂದವರಿಗೆ ತೋರಿಸಿದ 10 ಪುಟ್ಟ ಚಿತ್ರಗಳಲ್ಲಿ ಇದೂ ಇತ್ತು. ಈ ದೃಶ್ಯವನ್ನು ಅವರು ಮೂರು ಸಲ ತೆಗೆದಿದ್ದಾರೆ. ಅಂದರೆ ಕ್ಯಾಮೆರಾ ಇರುವುದು ಆ ಜನರಿಗೆ ಗೊತ್ತಿತ್ತು. ಇರಲಿ, ನಡಿಗೆ ಅವರದೇ ಅಲ್ವಾ? ಕೆಲಸ ಬಿಟ್ಟ ಹೊತ್ತಿನಲ್ಲಿ ಅವರು ಹೇಗೆ ಹೆಜ್ಜೆ ಹಾಕುತ್ತಿದ್ದರು ಅನ್ನುವುದನ್ನು ಯಾವ ಚರಿತ್ರೆಯ ಪುಸ್ತಕದಲ್ಲಿ ಓದೋಣ?

ನನಗೆ ಇನ್ನೂ ಹೆಚ್ಚು ಇಷ್ಟವಾಗುವುದು ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನ ಕತೆ. ಅಲ್ಲಿ ಮಿಚೆಲ್ ಮತ್ತು ಕೆನ್ಯನ್ ಎಂಬ ಇಬ್ಬರು 1900ರ ಆಸುಪಾಸಿನಲ್ಲಿ ಊರೂರಿನ ಗಿರಣಿ ಬಾಗಿಲಲ್ಲಿ ಕ್ಯಾಮೆರಾ ಇಟ್ಟು ನಿಲ್ಲುತ್ತಿದ್ದರು. ತೆಗೆದ ಚಿತ್ರವನ್ನು ಜಾತ್ರೆಗಳಲ್ಲಿ ಅದೇ ಜನರಿಗೆ ತೋರಿಸಲಾಗುತ್ತಿತ್ತು. ತಮ್ಮನ್ನು ತಾವೇ ಪರದೆಯ ಮೇಲೆ ನೋಡಿಕೊಳ್ಳಲು ಜನ ಮುಗಿಬೀಳುತ್ತಿದ್ದರು. ಹೆಚ್ಚು ಮುಖ ಸಿಕ್ಕಷ್ಟೂ ಹೆಚ್ಚು ಟಿಕೆಟ್. ಹಾಗಾಗಿ ಕ್ಯಾಮೆರಾ ಯಾರನ್ನೂ ಬಿಡಲಿಲ್ಲ. ಶಾಲು ಹೊದ್ದ ಹೆಂಗಸರು, ಕೆಲಸಕ್ಕೆ ಹೋಗುವ ಸಣ್ಣ ಹುಡುಗರು, ಮತ್ತೆ ಮತ್ತೆ ಮುಂದೆ ಬಂದು ಇಣುಕುವ ಪೋರರು, ಎಲ್ಲರೂ ಇದ್ದಾರೆ. ಆಮೇಲೆ ಇದನ್ನೆಲ್ಲ ಲೋಕ ಮರೆತೇಬಿಟ್ಟಿತು. 1994ರಲ್ಲಿ ಹಳೆಯ ಅಂಗಡಿಯೊಂದರ ನೆಲಮಾಳಿಗೆಯನ್ನು ಖಾಲಿ ಮಾಡುವಾಗ ಮೂರು ಡ್ರಮ್ಮುಗಳು ಸಿಕ್ಕವು. ಒಳಗೆ ಸುಮಾರು 800 ಸುರುಳಿ ಫಿಲ್ಮು! ಸುಲಭವಾಗಿ ಹೊತ್ತಿಕೊಳ್ಳುವ, ತಾನಾಗಿಯೇ ಕರಗಿ ಹಾಳಾಗುವ ನೈಟ್ರೇಟ್ ಫಿಲ್ಮು ಅದು. ಅಷ್ಟು ವರ್ಷ ಉಳಿದದ್ದೇ ದೊಡ್ಡದು. ಕಸಕ್ಕೆ ಹೋಗಿದ್ದರೆ ಸಾವಿರಾರು ಜನರ ನಗು ನಮಗೆ ಸಿಗುತ್ತಲೇ ಇರಲಿಲ್ಲ.

ಮುಖ ಸಿಕ್ಕಿತು, ದನಿ ಸಿಗಲು ಇನ್ನಷ್ಟು ವರ್ಷ ಬೇಕಾಯಿತು. 1935ರಲ್ಲಿ 'ಹೌಸಿಂಗ್ ಪ್ರಾಬ್ಲಮ್ಸ್' ಎಂಬ ಚಿಕ್ಕ ಚಿತ್ರ ಬಂತು. ಲಂಡನ್ನಿನ ಕೊಳೆಗೇರಿಯವರು ತಮ್ಮ ಮನೆಯೊಳಗೇ ನಿಂತು, ಇಲಿ ಕಾಟವನ್ನೂ ಕುಸಿಯುವ ಗೋಡೆಯನ್ನೂ ತಮ್ಮದೇ ಮಾತಿನಲ್ಲಿ ಹೇಳಿದರು. ಹಣ ಹಾಕಿದ್ದು ಗ್ಯಾಸ್ ಉದ್ಯಮದವರು, ಹೊಸ ಮನೆ ಎದ್ದರೆ ಅವರಿಗೂ ಲಾಭವಿತ್ತು. ಆದರೂ ಆ ತಾಯಂದಿರ ಮಾತು ಮನಸ್ಸಿನಲ್ಲಿ ಉಳಿಯುತ್ತದೆ.

ಹೀಗೆ ಜನರ ಕೆಲಸ, ಬದುಕು ತೋರಿಸುವ ಈಗಿನ ಎಷ್ಟೋ ಕಿರುಚಿತ್ರಗಳಲ್ಲಿ ಹಿನ್ನೆಲೆಯ ದನಿ ಮಾತು ನಿಲ್ಲಿಸುವುದೇ ಇಲ್ಲ. ಮೇಲೆ ಸಂಗೀತ ಬೇರೆ. ದಯವಿಟ್ಟು ಸ್ವಲ್ಪ ಸುಮ್ನೆ ಇರೋಣ. ಹೊಲಿಗೆ ಯಂತ್ರದ ಸದ್ದು ಕೇಳಲಿ. ನಿಮ್ಮ ಕೈಯಲ್ಲಿ ಫೋನ್ ಇದೆ ಅಲ್ವಾ? ಮನೆಯ ಹಿರಿಯರು ದಿನವೂ ಮಾಡುವ ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ, ನಡುವೆ ಕತ್ತರಿಸದೆ ತೆಗೆಯಿರಿ. ಕೈಗಳು ಕಾಣಲಿ. ಅವರು ತಲೆಯೆತ್ತಿ, "ಇದನ್ನೇನು ತೆಗೀತೀಯ?" ಅಂತ ಕೇಳುತ್ತಾರೆ. ಅದನ್ನೂ ಹಾಗೇ ಇಟ್ಟುಕೊಳ್ಳಿ.

ನಮಸ್ಕಾರ.