ಅಜ್ಜಿಯ ಅಡುಗೆಮನೆ ಮೇಜಿನ ಮೇಲೆ ಓಟಿನ ಹಾಳೆಗಳು

ಕೇಳುಗರೆ, ನಮಸ್ಕಾರ.

2024ರ ಜೂನ್ 4 ನಿಮಗೆಲ್ಲ ನೆನಪಿರಬೇಕು. ನಮ್ಮ ಲೋಕಸಭೆ ಚುನಾವಣೆಯ ಎಣಿಕೆ ನಡೆದ ದಿನ. ನಾನು ಆಗ ಜೆಕ್ ಗಣರಾಜ್ಯದ ಬ್ರನೋ ಅನ್ನುವ ಊರಿನಲ್ಲಿ ಕೆಲಸದಲ್ಲಿದ್ದೆ. ಇಲ್ಲಿ ಬೆಳಿಗ್ಗೆ ಎಂಟಕ್ಕೆ ಎಣಿಕೆ ಶುರುವಾದರೆ ಅಲ್ಲಿ ಇನ್ನೂ ನಾಲ್ಕೂವರೆ. ಎದ್ದು ಮೊಬೈಲ್ ಹಿಡಿದು ಕೂತಿದ್ದೆ. ಕರ್ನಾಟಕದ 28 ಸೀಟಿನಲ್ಲಿ ಯಾರಿಗೆ ಎಷ್ಟು ಅಂತ ಊರಿನಿಂದ ಮೆಸೇಜ್ ಮೇಲೆ ಮೆಸೇಜ್.

ಕೆಲಸಕ್ಕೆ ಹೊರಟಾಗ ಕೆಳಗೆ ಟಪಾಲು ಪೆಟ್ಟಿಗೆಗಳ ಹತ್ತಿರ ಪಕ್ಕದ ಮನೆ ಅಜ್ಜಿ ಸಿಕ್ಕಿದರು. ವಯಸ್ಸು ಎಪ್ಪತ್ತೆಂಟು. ಕೈಯಲ್ಲಿ ಒಂದು ದಪ್ಪ ಲಕೋಟೆ. ಸಂಜೆ ಚಹಾಕ್ಕೆ ಬಾ, ಓದಬೇಕು ಅಂದರು. ಏನು ಓದಬೇಕು ಅಂತ ಕೇಳಿದೆ. ಯುರೋಪಿಯನ್ ಪಾರ್ಲಿಮೆಂಟಿನ ಓಟಿನ ಹಾಳೆಗಳನ್ನು ಅಂದರು.

ಅಲ್ಲಿ ಹಾಗೆಯೇ. ಓಟು ಹಾಕುವ ಹಾಳೆಗಳನ್ನು ಚುನಾವಣೆಗೆ ಮೂರು ದಿನ ಇರುವಷ್ಟರಲ್ಲಿ ಮನೆಗೇ ತಲುಪಿಸುತ್ತಾರೆ. ಒಂದೊಂದು ಪಕ್ಷಕ್ಕೆ ಒಂದೊಂದು ಹಾಳೆ. ಸಂಜೆ ಹೋದಾಗ ಅಜ್ಜಿ ಅಡುಗೆಮನೆ ಮೇಜಿನ ಮೇಲಿದ್ದ ತಟ್ಟೆ ಬಟ್ಟಲುಗಳನ್ನೆಲ್ಲ ಸರಿಸಿ ಹಾಳೆಗಳನ್ನು ಇಸ್ಪೀಟಿನ ಎಲೆಗಳ ಹಾಗೆ ಹರಡಿಕೊಂಡಿದ್ದರು. ಆ ಸಲ ಸುಮಾರು ಮೂವತ್ತು ಪಟ್ಟಿಗಳಿದ್ದವು. ಪಕ್ಷಗಳ ಹೆಸರು ಕೇಳಿ. ಅನೊ, ಅಂದರೆ ಹೌದು. ಸ್ಪೊಲು, ಅಂದರೆ ಒಟ್ಟಿಗೆ. ಸ್ತಾಚಿಲೊ, ಅಂದರೆ ಸಾಕು ಸಾಕು. ಪ್ರಶಿಸಾಹಾ, ಅಂದರೆ ಆಣೆ. ಪ್ರತಿ ಹಾಳೆಯಲ್ಲೂ ಅಭ್ಯರ್ಥಿಗಳ ಸಾಲು. ಹೆಸರಿನ ಮುಂದೆ ವಯಸ್ಸು, ಕಸುಬು, ವಾಸವಿರುವ ಊರು. ಒಬ್ಬರು ಮೇಷ್ಟ್ರು, ಒಬ್ಬರು ಡಾಕ್ಟರು, ಒಬ್ಬರು ರೈತರು. ಅಜ್ಜಿ ಕನ್ನಡಕ ಹಾಕಿಕೊಂಡು ಕಸುಬನ್ನೇ ಮೊದಲು ಓದುತ್ತಿದ್ದರು. ಪಕ್ಷ ಆಮೇಲೆ.

ಇದು ಅವರ ದೇಶದ ಸಂಸತ್ತಿನ ಚುನಾವಣೆ ಅಲ್ಲ. ಯುರೋಪಿಯನ್ ಪಾರ್ಲಿಮೆಂಟಿನ ಚುನಾವಣೆ. ಇಪ್ಪತ್ತೇಳು ದೇಶಗಳು ಸೇರಿ ಕಟ್ಟಿಕೊಂಡಿರುವ ಸಂಸತ್ತು, 720 ಸೀಟು. ಜೆಕ್ ದೇಶದ ಜನಸಂಖ್ಯೆ ಒಂದು ಕೋಟಿಗಿಂತ ಸ್ವಲ್ಪ ಜಾಸ್ತಿ, ನಮ್ಮ ಬೆಂಗಳೂರಿಗಿಂತ ಕಡಿಮೆ. ಅವರ ಪಾಲಿಗೆ ಇರುವುದು 21 ಸೀಟು. 2004ರಲ್ಲಿ ಮೊದಲ ಸಲ ಓಟು ಹಾಕಿದಾಗ 24 ಇತ್ತು. ಯುರೋಪಿಯನ್ ಒಕ್ಕೂಟಕ್ಕೆ ಹೊಸ ದೇಶಗಳು ಸೇರಿದ ಹಾಗೆ 22 ಆಯಿತು, ಆಮೇಲೆ 21ಕ್ಕೆ ಇಳಿಯಿತು. ಇಡೀ ದೇಶವೇ ಒಂದು ಕ್ಷೇತ್ರ. ನೂರಕ್ಕೆ ಐದು ಓಟಾದರೂ ಬೀಳದ ಪಕ್ಷಕ್ಕೆ ಏನೂ ಇಲ್ಲ. ಐದು ದಾಟಿದವರಿಗೆ ಓಟಿನ ಪ್ರಮಾಣಕ್ಕೆ ತಕ್ಕ ಹಾಗೆ ಸೀಟು ಹಂಚುತ್ತಾರೆ.

ಇದರಲ್ಲಿ ನನಗೆ ತುಂಬಾ ಹಿಡಿಸಿದ ಒಂದು ಸಂಗತಿ ಇದೆ. ಪಟ್ಟಿಯಲ್ಲಿ ಯಾರು ಮೊದಲು, ಯಾರು ಕೊನೆಗೆ ಅಂತ ಪಕ್ಷ ತೀರ್ಮಾನ ಮಾಡುತ್ತದೆ, ಸರಿ. ಆದರೆ ಓಟು ಹಾಕುವವರು ತಾವು ಆರಿಸಿಕೊಂಡ ಹಾಳೆಯಲ್ಲಿ ಇಬ್ಬರ ಕ್ರಮಸಂಖ್ಯೆಗೆ ಪೆನ್ನಿನಿಂದ ಸುತ್ತು ಹಾಕಬಹುದು. ಪಕ್ಷಕ್ಕೆ ಬಿದ್ದ ಓಟಿನಲ್ಲಿ ನೂರಕ್ಕೆ ಐದು ಸುತ್ತಾದರೂ ಒಬ್ಬರಿಗೆ ಸಿಕ್ಕರೆ ಅವರು ಪಟ್ಟಿಯಲ್ಲಿ ಮೇಲೆ ಹತ್ತುತ್ತಾರೆ. ಪಕ್ಷ ಕೊನೆಯಲ್ಲಿ ಕೂರಿಸಿದವರನ್ನು ಜನ ಮುಂದಕ್ಕೆ ತಂದು ಕೂರಿಸಬಹುದು! ಅಜ್ಜಿ ಎಲ್ಲೋ ಪಟ್ಟಿಯ ಕೆಳಗಿದ್ದ ಒಬ್ಬ ಹೆಂಗಸಿನ ಸಂಖ್ಯೆಗೆ ನಿಧಾನವಾಗಿ ಸುತ್ತು ಹಾಕಿದರು. ಕೈ ಸ್ವಲ್ಪ ನಡುಗುತ್ತಿತ್ತು. ಸುತ್ತು ಪಕ್ಕದ ಸಂಖ್ಯೆಗೆ ತಾಗಬಾರದು ಅಂತ ಉಸಿರು ಬಿಗಿ ಹಿಡಿದಿದ್ದರು.

ಓಟು ನಡೆಯುವುದು ಶುಕ್ರವಾರ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ, ಮತ್ತೆ ಶನಿವಾರ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ. ಆ ಸಲ ಜೂನ್ 7 ಮತ್ತು 8. ಶುಕ್ರವಾರ ಸಂಜೆ ಅಜ್ಜಿಯ ಜೊತೆ ಹೋದೆ. ನನಗೆ ಅಲ್ಲಿ ಓಟಿಲ್ಲ, ಸುಮ್ನೆ ಜೊತೆಗೆ. ಹತ್ತಿರದ ಶಾಲೆಯೇ ಮತಗಟ್ಟೆ. ಬೆರಳಿಗೆ ಶಾಯಿ ಇಲ್ಲ, ಯಂತ್ರ ಇಲ್ಲ. ಗುರುತಿನ ಚೀಟಿ ತೋರಿಸಿದರೆ ಒಂದು ಸರ್ಕಾರಿ ಲಕೋಟೆ ಕೊಡುತ್ತಾರೆ. ಪರದೆ ಹಿಂದೆ ಹೋಗಲೇಬೇಕು, ಹೋಗದಿದ್ದರೆ ಓಟು ಹಾಕಲು ಬಿಡುವುದಿಲ್ಲ. ಆರಿಸಿದ ಹಾಳೆಯನ್ನು ಲಕೋಟೆಗೆ ಹಾಕಿ, ಲಕೋಟೆಯನ್ನು ಪೆಟ್ಟಿಗೆಗೆ ಹಾಕಿದರೆ ಮುಗಿಯಿತು. ಹಾಳೆ ಮನೆಯಲ್ಲೇ ಮರೆತು ಬಂದವರಿಗೆ ಅಲ್ಲಿಯೂ ಒಂದು ಕಟ್ಟು ಕೊಡುತ್ತಾರೆ.

ಸಾಲು ಅನ್ನುವುದೇ ಇರಲಿಲ್ಲ. ನಾವಿದ್ದ ಹತ್ತು ನಿಮಿಷದಲ್ಲಿ ಇನ್ನೂ ಮೂವರು ಬಂದಿರಬಹುದು.

ಮಾತಾಡಬೇಕಾದ ವಿಷಯ ಇದೇ ನೋಡಿ. 2004ರಲ್ಲಿ ಓಟು ಹಾಕಿದವರು ನೂರಕ್ಕೆ 28. 2009ರಲ್ಲೂ 28. 2014ರಲ್ಲಿ ಬರೀ 18. ಐದು ಜನರಲ್ಲಿ ಒಬ್ಬರೂ ಬರಲಿಲ್ಲ! ಒಕ್ಕೂಟದಲ್ಲಿ ಅವರಿಗಿಂತ ಕಡಿಮೆ ಇದ್ದದ್ದು ಪಕ್ಕದ ಸ್ಲೊವಾಕಿಯಾ ಒಂದೇ, ಅಲ್ಲಿ 13. 2019ರಲ್ಲಿ ಮತ್ತೆ 28 ದಾಟಿತು. ಇದೇ ಜನ 2023ರಲ್ಲಿ ತಮ್ಮ ರಾಷ್ಟ್ರಪತಿಯನ್ನು ಆರಿಸುವಾಗ, ಎರಡನೇ ಸುತ್ತಿನಲ್ಲಿ, ನೂರಕ್ಕೆ 70 ಜನ ಬಂದು ಓಟು ಹಾಕಿದ್ದಾರೆ. ಹಾಗಾಗಿ ಇವರು ಸೋಮಾರಿಗಳು ಅಂತ ಹೇಳುವ ಹಾಗಿಲ್ಲ.

ಮತ್ತೆ ಯಾಕೆ ಬರುವುದಿಲ್ಲ? ಜೂನ್ ಅಂದರೆ ಅಲ್ಲಿ ಬಿಸಿಲು ಬಿದ್ದು ಮರಗಿಡ ಚಿಗುರಿರುವ ಕಾಲ, ಶುಕ್ರವಾರ ಮಧ್ಯಾಹ್ನ ಆಯಿತೆಂದರೆ ಅರ್ಧ ಊರು ಕಾರಿಗೆ ಸಾಮಾನು ತುಂಬಿಕೊಂಡು ಹಳ್ಳಿ ಕಡೆ ಇರುವ ತಮ್ಮ ತೋಟದ ಮನೆಗೆ ಹೊರಟುಬಿಡುತ್ತದೆ. ಬೇರೆ ಊರಿನಲ್ಲಿ ಓಟು ಹಾಕಬೇಕಾದರೆ ಮೊದಲೇ ಅರ್ಜಿ ಕೊಟ್ಟು ಒಂದು ಚೀಟಿ ತೆಗೆದುಕೊಳ್ಳಬೇಕು. ಅಷ್ಟು ತಾಪತ್ರಯ ಯಾರು ಪಡುತ್ತಾರೆ? ಆದರೆ ಇದು ಮೇಲಿನ ಕಾರಣ ಮಾತ್ರ. ಬುಡದಲ್ಲಿರುವುದು, ಅದು ನಮ್ಮದಲ್ಲ, ಎಲ್ಲೋ ದೂರದ್ದು ಅನ್ನುವ ಭಾವನೆ.

ಬೆಣ್ಣೆಯ ಕತೆ ಹೇಳುತ್ತೇನೆ. ಅಲ್ಲಿ ಪೊಮಝಾಂಕೊವೆ ಮಾಸ್ಲೊ ಅಂತ ಒಂದು ಪದಾರ್ಥ ಇತ್ತು. ಬ್ರೆಡ್ಡಿಗೆ ಸವರುವ ಬೆಣ್ಣೆ ಅಂತ ಅರ್ಥ. ಚಿಕ್ಕಂದಿನಿಂದ ಎಲ್ಲರೂ ತಿಂದು ಬೆಳೆದದ್ದು. ಆದರೆ ಒಕ್ಕೂಟದ ನಿಯಮದ ಪ್ರಕಾರ ಬೆಣ್ಣೆ ಅಂತ ಕರೆಯಬೇಕಾದರೆ ಅದರಲ್ಲಿ ಹಾಲಿನ ಕೊಬ್ಬು ನೂರಕ್ಕೆ 80 ಇರಬೇಕು. ಇದರಲ್ಲಿ ಅದರ ಅರ್ಧವೂ ಇರಲಿಲ್ಲ. 2012ರಲ್ಲಿ ಲಕ್ಸೆಂಬರ್ಗಿನಲ್ಲಿರುವ ಒಕ್ಕೂಟದ ಕೋರ್ಟು ಇದನ್ನು ಬೆಣ್ಣೆ ಅಂತ ಕರೆಯುವ ಹಾಗಿಲ್ಲ ಅಂದಿತು. ಪದಾರ್ಥ ಅದೇ, ರುಚಿ ಅದೇ, ಡಬ್ಬಿಯ ಮೇಲಿನ ಬೆಣ್ಣೆ ಅನ್ನುವ ಪದ ಹೋಯಿತು. ಜನರಿಗೆ ಕೋಪ ಬಂತು. ನಮ್ಮ ಡಬ್ಬಿ ಮೇಲೆ ಏನು ಬರೆಯಬೇಕು ಅಂತ ಹೇಳಲು ಇವರು ಯಾರು ಅಂತ. ನಮ್ಮ ಮನೆ ತಿಂಡಿಯ ಹೆಸರನ್ನು ಹೊರಗಿನವರು ಬದಲಿಸಿದರೆ ನಮಗೂ ಸಿಟ್ಟು ಬರುತ್ತದೆ, ಅಲ್ವಾ? ನಾನು ಆ ಕೋಪವನ್ನು ಸಣ್ಣದು ಅನ್ನುವುದಿಲ್ಲ.

ಆದರೆ ಆ ಬೆಣ್ಣೆ ನಿಯಮ ಜೆಕ್‌ಗಳು ಒಕ್ಕೂಟಕ್ಕೆ ಸೇರುವುದಕ್ಕೆ ಮೊದಲೇ ಆದದ್ದು. ಅದನ್ನು ಮಾಡುವಾಗ ಆ ಪಾರ್ಲಿಮೆಂಟಿನೊಳಗೆ ಇವರ ಪರ ಒಬ್ಬರೂ ಕೂತಿರಲಿಲ್ಲ. ಈಗ 21 ಜನ ಕೂರುತ್ತಾರೆ. 2035ರಿಂದ ಹೊಗೆ ಉಗುಳುವ ಹೊಸ ಕಾರು ಮಾರಬಾರದು ಅನ್ನುವ ಕಾನೂನನ್ನು ಅದೇ ಪಾರ್ಲಿಮೆಂಟು 2023ರ ಫೆಬ್ರವರಿಯಲ್ಲಿ ಒಪ್ಪಿತು. ಪರ 340, ವಿರುದ್ಧ 279. ಮ್ಲಾದಾ ಬೊಲೆಸ್ಲಾವ್ ಊರಿನಲ್ಲಿ ಸ್ಕೋಡಾ ಕಾರಿನ ಕಾರ್ಖಾನೆ ಇದೆ, ಲೆಕ್ಕವಿಲ್ಲದಷ್ಟು ಮನೆಗಳ ಅನ್ನ ಕಾರಿನಿಂದಲೇ ಹುಟ್ಟುತ್ತದೆ. ಆ ಕಾನೂನು ಬೇಕೋ ಬೇಡವೋ ಅದು ಬೇರೆ ಮಾತು, ನಾನು ಅದರ ಪರವೂ ವಾದಿಸುತ್ತಿಲ್ಲ, ವಿರುದ್ಧವೂ ಅಲ್ಲ. ಆದರೆ ಅಂಥ ತೀರ್ಮಾನ ಆಗುವ ಮನೆಗೆ ಯಾರನ್ನು ಕಳಿಸಬೇಕು ಅನ್ನುವುದನ್ನು ಮೂವರಲ್ಲಿ ಇಬ್ಬರು ಉಳಿದವರ ಕೈಗೆ ಬಿಟ್ಟು ತೋಟಕ್ಕೆ ಹೋಗುತ್ತಾರಲ್ಲ, ಅದು ನನಗೆ ನೋವಿನ ಸಂಗತಿ.

ಅಜ್ಜಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. ಶಾಲೆಯಿಂದ ವಾಪಸು ಬರುವಾಗ ಹೇಳಿದರು, "ನಮ್ಮ ತಾತ 1907ರಲ್ಲಿ ಓಟು ಹಾಕಿದವರು. ವಿಯೆನ್ನಾ ಪಾರ್ಲಿಮೆಂಟಿಗೆ."

ಹೌದು, ಜೆಕ್ ಜನ ಹಲವು ಭಾಷೆಗಳ ಒಂದು ಸಂಸತ್ತಿಗೆ ಪ್ರತಿನಿಧಿಗಳನ್ನು ಕಳಿಸುತ್ತಿರುವುದು ಇದೇ ಮೊದಲಲ್ಲ. 1918ರವರೆಗೆ ಅವರು ಆಸ್ಟ್ರಿಯಾ ಚಕ್ರವರ್ತಿಯ ಪ್ರಜೆಗಳು. ಬ್ರನೋದಿಂದ ವಿಯೆನ್ನಾಕ್ಕೆ ರೈಲಿನಲ್ಲಿ ಈಗ ಒಂದೂವರೆ ಗಂಟೆ. ಅಲ್ಲಿನ ಪಾರ್ಲಿಮೆಂಟಿನಲ್ಲಿ ಜರ್ಮನರು, ಜೆಕ್‌ಗಳು, ಪೋಲರು, ಉಕ್ರೇನಿಯನ್ನರು, ಸ್ಲೊವೇನಿಯನ್ನರು, ಇಟಾಲಿಯನ್ನರು ಎಲ್ಲ ಒಟ್ಟಿಗೆ ಕೂರುತ್ತಿದ್ದರು. ಜೆಕ್ ನಾಡಿನ ಪಶ್ಚಿಮ ಭಾಗವಾದ ಬೊಹಿಮಿಯಾದ ಜೆಕ್ ಪ್ರತಿನಿಧಿಗಳು ತಮಗೆ ನ್ಯಾಯ ಇಲ್ಲ ಅಂತ 1863ರಿಂದ 1879ರವರೆಗೆ ಆ ಕಡೆ ಕಾಲೇ ಇಡಲಿಲ್ಲ. ಹದಿನಾರು ವರ್ಷ! 1897ರಲ್ಲಿ ಪ್ರಧಾನಿ ಬದೇನಿ ಬೊಹಿಮಿಯಾ ಮತ್ತು ಬ್ರನೋ ಇರುವ ಮೊರಾವಿಯಾದ ಸರ್ಕಾರಿ ನೌಕರರು ಜರ್ಮನ್ ಜೊತೆ ಜೆಕ್ ಭಾಷೆಯನ್ನೂ ಕಲಿಯಬೇಕು ಅಂತ ಆದೇಶ ಹೊರಡಿಸಿದರು. ಜರ್ಮನ್ ಸದಸ್ಯರು ರೊಚ್ಚಿಗೆದ್ದರು. ಸದನ ನಡೆಯಬಾರದು ಅಂತಲೇ ಒಟ್ಟೊ ಲೆಹರ್ ಅನ್ನುವ ಸದಸ್ಯರು ಹನ್ನೆರಡು ಗಂಟೆ ಒಂದೇ ಸಮ ಮಾತಾಡಿದರು. ಅವರೂ ಬ್ರನೋದವರೇ. ಕೊನೆಗೆ ಬದೇನಿ ಅಧಿಕಾರ ಕಳೆದುಕೊಂಡರು, ಎರಡು ವರ್ಷದಲ್ಲಿ ಆದೇಶವೂ ಹೋಯಿತು.

1907ರಲ್ಲಿ ಎಲ್ಲ ಗಂಡಸರಿಗೂ ಓಟಿನ ಹಕ್ಕು ಬಂತು. 516 ಸೀಟು, ಅದರಲ್ಲಿ ಮೊರಾವಿಯಾಕ್ಕೆ 49. ಮುಂದೆ ಚೆಕೊಸ್ಲೊವಾಕಿಯಾದ ಮೊದಲ ರಾಷ್ಟ್ರಪತಿಯಾದ ಮಾಸಾರಿಕ್ ಆ ಸಲ ಮೊರಾವಿಯಾದಿಂದಲೇ ಗೆದ್ದು ಹೋದರು. ಅಜ್ಜಿಯ ತಾತ ಓಟು ಹಾಕಿದರು. ಅಜ್ಜಿಯ ಅಜ್ಜಿಗೆ ಓಟಿರಲಿಲ್ಲ.

ಆ ಸದನದಲ್ಲಿ ಯಾವ ಭಾಷೆಯಲ್ಲಾದರೂ ಮಾತಾಡಬಹುದಿತ್ತು. ತಡೆಯುತ್ತಿರಲಿಲ್ಲ. ಆದರೆ ಅನುವಾದ ಮಾಡುವವರು ಇರಲಿಲ್ಲ, ನಡಾವಳಿಯಲ್ಲಿ ಬರೆದುಕೊಳ್ಳುತ್ತಿದ್ದದ್ದು ಜರ್ಮನ್ ಮಾತುಗಳನ್ನು ಮಾತ್ರ. ಜೆಕ್‌ನಲ್ಲಿ ಗಂಟಲು ಹರಿಯುವ ಹಾಗೆ ಮಾತಾಡಿದರೂ ಕಾಗದದ ಮೇಲೆ ಒಂದು ಅಕ್ಷರ ಉಳಿಯುತ್ತಿರಲಿಲ್ಲ.

ಈಗ ಯುರೋಪಿಯನ್ ಪಾರ್ಲಿಮೆಂಟು ಸೇರುವ ಸ್ಟ್ರಾಸ್‌ಬರ್ಗಿನ ಸದನ ನೋಡಿ. 24 ಭಾಷೆಗಳು, ಎಲ್ಲವೂ ಸಮ. ಜೆಕ್ ಸದಸ್ಯರು ತಮ್ಮ ಭಾಷೆಯಲ್ಲೇ ಎದ್ದು ಮಾತಾಡುತ್ತಾರೆ. ಸುತ್ತ ಗಾಜಿನ ಪುಟ್ಟ ಕೋಣೆಗಳಲ್ಲಿ ಕೂತ ಅನುವಾದಕರು ಆ ಕ್ಷಣಕ್ಕೇ ಬೇರೆ ಭಾಷೆಗಳಿಗೆ ತಿರುಗಿಸುತ್ತಾರೆ. ಒಂದರಿಂದ ಇನ್ನೊಂದಕ್ಕೆ ಅಂತ ಲೆಕ್ಕ ಹಾಕಿದರೆ 552 ಜೋಡಿ ಆಗುತ್ತದೆ. ಜೆಕ್‌ನಿಂದ ನೇರ ಮಾಲ್ಟೀಸ್‌ಗೆ ತಿರುಗಿಸುವವರು ಸಿಗದಿದ್ದರೆ ಮೊದಲು ಇಂಗ್ಲಿಷಿಗೆ, ಅಲ್ಲಿಂದ ಮಾಲ್ಟೀಸ್‌ಗೆ. ನಮ್ಮ ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಯಲ್ಲಿ ಎದ್ದು ಕನ್ನಡದಲ್ಲಿ ಮಾತಾಡಿದ್ದನ್ನು ಇವತ್ತಿಗೂ ನೆನೆಯುತ್ತೇವಲ್ಲ, ಹಾಗಾಗಿ ಇದರ ಬೆಲೆ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಕೊರತೆಯನ್ನೂ ಹೇಳಿಬಿಡುತ್ತೇನೆ. ಆ ಸದನದಲ್ಲಿ ದೇಶವಾರು ಕೂರುವುದಿಲ್ಲ, ಸಿದ್ಧಾಂತದ ಗುಂಪುಗಳಾಗಿ ಕೂರುತ್ತಾರೆ. ಆ ಸಲ ಬಬಿಶ್ ಅವರ ಅನೊ ಪಕ್ಷಕ್ಕೆ 7 ಸೀಟು ಬಂತು. ಉದಾರವಾದಿ ಗುಂಪಿನಲ್ಲಿದ್ದ ಪಕ್ಷ ಅದು. ಚುನಾವಣೆ ಮುಗಿದು ತಿಂಗಳು ಕಳೆಯುವುದರೊಳಗೆ ಅದನ್ನು ಬಿಟ್ಟು, ಆಗ ಹಂಗೇರಿಯ ಪ್ರಧಾನಿಯಾಗಿದ್ದ ಓರ್ಬಾನ್ ಜೊತೆ ಸೇರಿ ಬಲಪಂಥದ ಹೊಸ ಗುಂಪು ಕಟ್ಟಿತು. ಸ್ಪೊಲು ಅಂದರೆ ಒಟ್ಟಿಗೆ ಅಂದೆನಲ್ಲ, ಒಂದೇ ಹಾಳೆಯಲ್ಲಿ ಗೆದ್ದ ಅವರ ಆರು ಜನ ಅಲ್ಲಿ ಹೋಗಿ ಮೂರು ಮೂರಾಗಿ ಎರಡು ಬೇರೆ ಗುಂಪುಗಳಲ್ಲಿ ಕೂತರು. ಯಾವ ಗುಂಪಿಗೆ ಹೋಗುತ್ತೇವೆ ಅನ್ನುವುದನ್ನು ಓಟಿನ ಹಾಳೆಯ ಮೇಲೆಯೇ ಅಚ್ಚು ಹಾಕಿಸಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ. ಕಸುಬನ್ನೂ ಊರನ್ನೂ ಹಾಕುವವರಿಗೆ ಇದೇನು ಕಷ್ಟ?

ಶನಿವಾರ ಮಧ್ಯಾಹ್ನ ಎರಡಕ್ಕೆ ಓಟು ಮುಗಿಯಿತು. ಆದರೆ ಫಲಿತಾಂಶ ಹೇಳುವ ಹಾಗಿಲ್ಲ. ಇಟಲಿಯಲ್ಲಿ ಭಾನುವಾರ ರಾತ್ರಿ ಹನ್ನೊಂದರವರೆಗೆ ಓಟು ನಡೆಯುತ್ತದೆ, ಅಲ್ಲಿ ಕೊನೆಯ ಪೆಟ್ಟಿಗೆ ಮುಚ್ಚುವವರೆಗೆ ಇಲ್ಲಿ ಬಾಯಿ ಬಿಡಬಾರದು. ಭಾನುವಾರ ರಾತ್ರಿ ಅಜ್ಜಿ ಬಾಗಿಲು ತಟ್ಟಿದರು. ಅವರ ಮನೆಯಲ್ಲಿ ಟಿವಿ ಮುಂದೆ ಕೂತೆವು. ಓಟು ಹಾಕಿದವರು ನೂರಕ್ಕೆ 36 ಅಂತ ಬಂತು. ಆ ದೇಶದಲ್ಲಿ ಈ ಚುನಾವಣೆಗೆ ಅದೇ ದಾಖಲೆ. ಅಜ್ಜಿ ಸುತ್ತು ಹಾಕಿದ ಹೆಂಗಸು ಗೆಲ್ಲಲಿಲ್ಲ. ಅದರ ಬಗ್ಗೆ ಅವರು ಏನೂ ಹೇಳಲಿಲ್ಲ. ಮೂವತ್ತಾರು, ಮೂವತ್ತಾರು ಅಂತ ಎರಡು ಸಲ ಹೇಳಿಕೊಂಡರು.

ಮುಂದಿನ ಚುನಾವಣೆ 2029ಕ್ಕೆ. ಅಷ್ಟರಲ್ಲಿ ನನಗೆ ಎಂಬತ್ತಮೂರು ಅಂದರು. ನಡೆಯಲು ಆಗದವರ ಮನೆಗೆ ಮತಗಟ್ಟೆಯವರು ಪುಟ್ಟ ಪೆಟ್ಟಿಗೆ ಹಿಡಿದುಕೊಂಡು ಬರುವ ಏರ್ಪಾಡು ಅಲ್ಲಿದೆ. "ಮೆಟ್ಟಿಲು ಇಳಿಯಲು ಆಗದಿದ್ದರೆ ಪೆಟ್ಟಿಗೆಯನ್ನೇ ಇಲ್ಲಿಗೆ ತರಿಸುತ್ತೇನೆ. ಈ ಮೇಜಿನ ಹತ್ತಿರಕ್ಕೆ" ಅಂದರು.

ನಮಸ್ಕಾರ.